ವಾಲ್ವ್ ತಿರುಗಿಸುವವನಿಗೂ ಕಾರಣ ಗೊತ್ತಿರಬೇಕು: ಕರಾವಳಿಯ ಒಂದು ಗ್ರಾಮ ಪಂಚಾಯತ್‌ನ ಪ್ರಕರಣ

ಉತ್ತರ ಕನ್ನಡದ ಕರಾವಳಿಯಲ್ಲಿ, ಕುಮಟಾ ಮತ್ತು ಹೊನ್ನಾವರದ ಆಸುಪಾಸಿನ ಒಂದು ಗ್ರಾಮ ಪಂಚಾಯತ್‌ನಲ್ಲಿ ನಡೆದ ಸಂಗತಿ ಇದು. ಊರಿನ ಹೆಸರು ಹೇಳುವುದಿಲ್ಲ. ಜನರನ್ನು ಅವರವರ ಹುದ್ದೆಯಿಂದಷ್ಟೇ ಕರೆಯುತ್ತೇನೆ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಪಂಚಾಯತ್ ನೌಕರರಿಗೆ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಯಾಗಿ ನಾನು ಅಲ್ಲಿಗೆ ಹೋದೆ. ಜನರ ಜೊತೆ ಹೇಗೆ ಮಾತಾಡಬೇಕು ಅಂತ ನೌಕರರಿಗೆ ಕಲಿಸಿ ಅನ್ನುವುದು ನನ್ನನ್ನು ಕರೆದವರ ಬೇಡಿಕೆ. ಆದರೆ ಅಲ್ಲಿ ಕೆಟ್ಟಿದ್ದದ್ದು ಜನರ ಜೊತೆಗಿನ ಮಾತಿಗಿಂತ ಮೊದಲು ಕಚೇರಿಯ ಒಳಗಿನ ಮಾತು. ಈ ತೊಂದರೆ ಬೇರೆ ಕಡೆಯೂ ಇದೆ ಎಂದು ನನಗೆ ಖಾತ್ರಿ ಇರುವುದರಿಂದ ಪೂರ್ತಿ ಬರೆಯುತ್ತಿದ್ದೇನೆ.

ಊರು ಮತ್ತು ಕಚೇರಿ

ಪಂಚಾಯತ್ ಉದ್ದಕ್ಕೆ ಹರಡಿಕೊಂಡಿದೆ. ಪಶ್ಚಿಮಕ್ಕೆ ಸಮುದ್ರ, ಮೀನುಗಾರರ ಕೇರಿ. ನಡುವೆ ರಾಷ್ಟ್ರೀಯ ಹೆದ್ದಾರಿ 66, ಸಣ್ಣ ಪೇಟೆ, ಶಾಲೆ, ಪಂಚಾಯತ್ ಕಚೇರಿ. ಹೆದ್ದಾರಿ ದಾಟಿ ಒಳಗೆ ಹೋದರೆ ಗಜನಿ ಗದ್ದೆಗಳು (ಹೊಳೆಯ ಉಪ್ಪುನೀರು ಏರಿ ಬರುವ ತಗ್ಗಿನ ಗದ್ದೆಗಳು), ಹಾಲಕ್ಕಿ ಒಕ್ಕಲಿಗರ ಕೊಪ್ಪ (ಅವರ ಮನೆಗಳ ಗುಂಪು), ಆಮೇಲೆ ಗುಡ್ಡದ ಬುಡದಲ್ಲಿ ತೋಟದ ಮನೆಗಳು. ಕೇರಿಯ ಮನೆಮಾತು ಕೊಂಕಣಿ, ಕೊಪ್ಪದಲ್ಲಿ ಹಾಲಕ್ಕಿ ಕನ್ನಡ, ತೋಟದ ಕಡೆ ಹವ್ಯಕ ಕನ್ನಡ. ಕಚೇರಿಯ ಕಾಗದದಲ್ಲಿ ಬರುವ ಕನ್ನಡವನ್ನು ಯಾರ ಮನೆಯಲ್ಲೂ ಆಡುವುದಿಲ್ಲ.

ಈ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು, ಹಳ್ಳ ಹೊಳೆ ಸೇರಿ, ಸಮುದ್ರಕ್ಕೆ ಹೋಗಿಬಿಡುತ್ತದೆ. ಮಾರ್ಚ್ ಕಳೆಯುವಷ್ಟರಲ್ಲಿ ಬಾವಿಗಳ ತಳ ಕಾಣುತ್ತದೆ. ಸಮುದ್ರದ ಹತ್ತಿರದ ಬಾವಿಗಳಲ್ಲಿ ನೀರು ಕಮ್ಮಿಯಾದ ಹಾಗೆ ಉಪ್ಪೂ ಬರುತ್ತದೆ. ಪಂಚಾಯತ್‌ಗೆ ಇದ್ದದ್ದು ಗಜನಿಯ ಅಂಚಿನ ಒಂದು ದೊಡ್ಡ ತೆರೆದ ಬಾವಿ. ಅಲ್ಲಿಂದ ಓವರ್‌ಹೆಡ್ ಟ್ಯಾಂಕಿಗೆ, ಟ್ಯಾಂಕಿನಿಂದ ವಾಲ್ವ್ ತಿರುಗಿಸಿ ಬೇರೆ ಬೇರೆ ಕಡೆಗೆ ನೀರು ಬಿಡುವ ವ್ಯವಸ್ಥೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಿಂದ ಮನೆ ಮನೆಗೆ ನಳ ಬಂತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವುದು ಆ ಯೋಜನೆಯ ಗುರಿ. ಇಲ್ಲಿ ನಳ ಜಾಸ್ತಿಯಾಯಿತು, ಬಾವಿ ಮಾತ್ರ ಅದೇ.

ಕಚೇರಿಯಲ್ಲಿ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ಒಬ್ಬ ಜವಾನ, ಇಬ್ಬರು ವಾಟರ್‌ಮ್ಯಾನ್. ಹಿರಿಯ ವಾಟರ್‌ಮ್ಯಾನ್ ಆ ಊರಿನವನೇ. ಪೈಪ್‌ಲೈನ್ ಎಲ್ಲಿ ತಿರುಗುತ್ತದೆ, ಯಾವ ಜಾಯಿಂಟ್ ಸೋರುತ್ತದೆ ಅನ್ನುವುದು ನಕ್ಷೆಗಿಂತ ಚೆನ್ನಾಗಿ ಅವನಿಗೆ ಗೊತ್ತು. ತರಬೇತಿ ಅಂತ ಬಂದಾಗಲೆಲ್ಲ ಅಲ್ಲಿಂದ ಹೋಗುತ್ತಿದ್ದವರು ಪಿಡಿಒ ಮತ್ತು ಚುನಾಯಿತ ಸದಸ್ಯರು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯ ತರಬೇತಿಗಳ ಪುಸ್ತಕಗಳು ಕಪಾಟಿನಲ್ಲಿ ನೀಟಾಗಿ ಇದ್ದವು. ಇಬ್ಬರು ವಾಟರ್‌ಮ್ಯಾನ್‌ಗಳನ್ನು ಮಾತ್ರ ಯಾವತ್ತೂ ಯಾರೂ ಕೂರಿಸಿ ಏನನ್ನೂ ಹೇಳಿರಲಿಲ್ಲ. ದಿನಾ ಬೆಳಿಗ್ಗೆ ಊರಿನ ನೂರು ಬಾಗಿಲುಗಳ ಮುಂದೆ ಪಂಚಾಯತ್‌ನ ಮುಖವಾಗಿ ನಿಲ್ಲುವವರು ಅವರೇ ಆಗಿದ್ದರು.

ಜಗಳ ಬೆಳೆದ ಬಗೆ

ಆ ವರ್ಷ ಮಾರ್ಚ್ ಕೊನೆಗೆ ಪಂಪಿನ ಹೊತ್ತು ಕಮ್ಮಿ ಮಾಡಿದರು. ಮೊದಲು ಬೆಳಿಗ್ಗೆ ಸಂಜೆ ಎರಡೂ ಹೊತ್ತು ಬರುತ್ತಿದ್ದ ನೀರು ಬೆಳಿಗ್ಗೆ ಮಾತ್ರ ಬರತೊಡಗಿತು. ಏಪ್ರಿಲ್‌ನಲ್ಲಿ ಕೆಲವು ಕಡೆಗೆ ದಿನ ಬಿಟ್ಟು ದಿನ. ಯಾವ ಕಡೆಗೆ ಯಾವ ದಿನ ಅನ್ನುವುದು ಎಲ್ಲೂ ಬರೆದಿರಲಿಲ್ಲ. ಹಿಂದಿನ ದಿನ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ನೋಡಿ ವಾಟರ್‌ಮ್ಯಾನ್ ತೀರ್ಮಾನ ಮಾಡುತ್ತಿದ್ದ. ಅವನಿಗೆ ಸಿಕ್ಕ ಆದೇಶ ಇಷ್ಟೇ: "ಬೆಳಿಗ್ಗೆ ಮಾತ್ರ ಬಿಡು, ಜಾಸ್ತಿ ಹೊತ್ತು ಪಂಪ್ ಹಾಕಬೇಡ."

ಜನ ಕೇಳುವುದು ಅವನನ್ನೇ. "ಎಂತ ಮಾರಾಯ, ಇವತ್ತೂ ಇಲ್ವಾ? ನಮ್ಮ ಕೇರಿ ನಿಂಗೆ ಕಣ್ಣಿಗೆ ಕಾಣೂದಿಲ್ವಾ?" ಅವನು "ಆಫೀಸಲ್ಲಿ ಕೇಳಿ" ಅನ್ನುತ್ತಿದ್ದ. ಆಫೀಸಿನಲ್ಲಿ ಕೌಂಟರಿನ ಹುಡುಗಿ "ವಾಟರ್‌ಮ್ಯಾನ್ ಹತ್ರ ಕೇಳಿ" ಅನ್ನುತ್ತಿದ್ದಳು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರಿಗೂ ಗೊತ್ತಿರಲಿಲ್ಲ, ಅಷ್ಟೇ.

ಕಾರಣ ಸಿಗದ ಕಡೆ ಜನ ತಾವೇ ಕಾರಣ ಹುಡುಕಿಕೊಳ್ಳುತ್ತಾರೆ. ತೋಟದ ಕಡೆಯವರಿಗೆ ಅಡಿಕೆಗೆ ಬಿಡಲು ನೀರು ಹೋಗುತ್ತಿದೆ ಎಂದು ಕೇರಿಯಲ್ಲಿ ಮಾತು ಹಬ್ಬಿತು. ಪೇಟೆಯ ಹೋಟೆಲಿನಿಂದ ವಾಟರ್‌ಮ್ಯಾನ್ ದುಡ್ಡು ತಗೊಳ್ಳುತ್ತಾನೆ ಎಂದು ಕೊಪ್ಪದಲ್ಲಿ. ಸರ್ಕಾರದ 1902 ಸಹಾಯವಾಣಿಗೂ ದೂರು ಹೋಯಿತು. ಬಿಲ್ ಕಲೆಕ್ಟರ್ ನೀರಿನ ಬಾಕಿ ಕೇಳಲು ಹೋದರೆ "ಮೊದಲು ನೀರು ಕೊಡಿ" ಎಂದು ವಾಪಸ್ ಕಳಿಸಿದರು. ಒಂದು ಬೆಳಿಗ್ಗೆ ಕೇರಿಯ ಹೆಂಗಸರು ಕೊಡ ಹಿಡಿದು ಬಂದು ಕಚೇರಿಯ ಬಾಗಿಲಲ್ಲಿ ಕೂತರು. ಅದೇ ದಿನ ಮಧ್ಯಾಹ್ನ ಹಿರಿಯ ವಾಟರ್‌ಮ್ಯಾನ್ ಪಂಪ್‌ಹೌಸಿನ ಬೀಗದ ಕೈ ತಂದು ಪಿಡಿಒ ಮೇಜಿನ ಮೇಲೆ ಇಟ್ಟು, "ನಾಳೆಯಿಂದ ನಾ ಬರೂದಿಲ್ಲ ಸರ್" ಎಂದ.

ಪಿಡಿಒ ಆ ಪಂಚಾಯತ್‌ಗೆ ಹೊಸಬರು, ಬಂದು ಎರಡು ತಿಂಗಳೂ ಆಗಿರಲಿಲ್ಲ. ಅವರು ಅವನನ್ನು ಒಪ್ಪಿಸಿ ಉಳಿಸಿಕೊಂಡರು. ಅದಕ್ಕೆ ಎಷ್ಟು ಹೊತ್ತು ಹಿಡಿಯಿತು, ಏನು ಹೇಳಿದರು ಎಂದು ನಾನು ಕೇಳಿಲ್ಲ. ಆದರೆ ಅವನು ಹೋಗಿದ್ದರೆ ಆ ಬೇಸಿಗೆ ಮುಗಿಯುತ್ತಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು.

ಮೊದಲು ಮಾಡಿ ನೋಡಿದ್ದು

ನಾನು ಹೋಗುವ ಮೊದಲೇ ಮೂರು ಪ್ರಯತ್ನ ಆಗಿದ್ದವು.

ಮೊದಲನೆಯದು ಸೂಚನಾ ಫಲಕ. ಕಚೇರಿ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಹೀಗಿತ್ತು: "ಸದರಿ ಪಂಚಾಯತ್ ವ್ಯಾಪ್ತಿಯ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾಂತ್ರಿಕ ಕಾರಣಗಳಿಂದಾಗಿ ಕುಡಿಯುವ ನೀರಿನ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ." ಇದನ್ನು ಓದಿದವನಿಗೆ ನಾಳೆ ನೀರು ಬರುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ.

ಎರಡನೆಯದು ವಾಟ್ಸಾಪ್ ಗುಂಪು. ಮೊದಲ ವಾರ ಚೆನ್ನಾಗಿ ನಡೆಯಿತು. ಆಮೇಲೆ ಅದರಲ್ಲಿ ಮೇಲಿನಿಂದ ಬಂದ ಆದೇಶಗಳ ಪಿಡಿಎಫ್, ಹಬ್ಬದ ಶುಭಾಶಯ, ಕೊನೆಗೆ ಜಗಳ. ಬೈಗುಳ ಶುರುವಾದ ಮೇಲೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿದರು. "ನಮ್ಮ ಬಾಯಿ ಮುಚ್ಚಿಸಿದರು" ಎಂದು ಜನರಿಗೆ ಇನ್ನೂ ಸಿಟ್ಟು ಬಂತು. ಕೇರಿಯ ವಯಸ್ಸಾದ ಹೆಂಗಸರಲ್ಲಿ ಹೆಚ್ಚಿನವರು ಆ ಗುಂಪಿನಲ್ಲೇ ಇರಲಿಲ್ಲ. ಮನೆಗೆ ನೀರು ತುಂಬಿಸುವವರು ಅವರು.

ಮೂರನೆಯದು ಸಂವಹನ ಕೌಶಲ್ಯದ ಒಂದು ದಿನದ ತರಬೇತಿ. ಬೇರೆ ಊರಿನಿಂದ ಬಂದ ತರಬೇತುದಾರರು ನಗುಮುಖ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು, ಸಿಟ್ಟು ತಡೆಯುವುದು ಹೇಳಿಕೊಟ್ಟರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆಟ ಆಡಿಸಿದ್ದರಂತೆ, ಊಟ ಚೆನ್ನಾಗಿತ್ತಂತೆ. ಬಿಲ್ ಕಲೆಕ್ಟರ್ ನನಗೆ ಹೇಳಿದ ಮಾತು ಮಾತ್ರ ಮರೆಯುವ ಹಾಗಿಲ್ಲ: "ನಗ್ತಾ ಹೇಳಿ ಅಂದ್ರು ಸರ್. ಆದ್ರೆ ಎಂತ ಹೇಳೂದು ಅಂತ ಹೇಳ್ಲಿಲ್ಲ."

ನಮ್ಮ ನೌಕರರ ತರಬೇತಿಗಳಲ್ಲಿ ಹೆಚ್ಚಿನವು ಇಲ್ಲೇ ನಿಂತುಬಿಡುತ್ತವೆ ಎಂದು ನನಗೆ ಅನಿಸುತ್ತದೆ. ಹೇಳುವ ರೀತಿ ಕಲಿಸುತ್ತೇವೆ. ಹೇಳಲು ಅವರ ಕೈಯಲ್ಲಿ ಏನಿದೆ ಎಂದು ನೋಡುವುದಿಲ್ಲ. ವಿಷಯವೇ ಗೊತ್ತಿಲ್ಲದವನಿಗೆ ನಗಲು ಕಲಿಸಿದರೆ ಜನರ ಸಿಟ್ಟು ಹೆಚ್ಚಾಗುತ್ತದೆ, ಅಲ್ವಾ? ನೀರಿಲ್ಲದೆ ಖಾಲಿ ಕೊಡ ಹಿಡಿದು ನಿಂತವರಿಗೆ ಎದುರಿನವನ ನಗು ಅವಮಾನವಾಗಿಯೇ ಕಾಣುತ್ತದೆ.

ಪ್ರಶ್ನೆಗಳ ಹಾಳೆ

ನಾನು ಹೋದಾಗ ಭಾಷಣ ಬೇಡ ಎಂದುಕೊಂಡೆ. ಪಿಡಿಒ ಒಪ್ಪಿಗೆಯಿಂದ ಒಂದು ಸಣ್ಣ ಕೆಲಸ ಇಟ್ಟುಕೊಂಡೆವು. ಒಂದು ವಾರ ವಾಟರ್‌ಮ್ಯಾನ್‌ಗಳು ದಾರಿಯಲ್ಲಿ ಕೇಳಿದ ಪ್ರಶ್ನೆಗಳನ್ನೆಲ್ಲ ಸಂಜೆ ಬಂದು ಹೇಳಬೇಕು. ಆಪರೇಟರ್ ಹುಡುಗಿ ಅದನ್ನು ಅವರು ಹೇಳಿದ ಮಾತಲ್ಲೇ ಬರೆದುಕೊಳ್ಳಬೇಕು. ಬೈಗುಳ ಬಂದರೆ ಅದೂ ಇರಲಿ ಎಂದೆ. ಹಿರಿಯ ವಾಟರ್‌ಮ್ಯಾನ್‌ಗೆ ಬರೆಯುವುದು ಅಷ್ಟು ಸಲೀಸಲ್ಲ. ಅದಕ್ಕೇ ಬರೆಯುವ ಕೆಲಸ ಅವನ ಮೇಲೆ ಹಾಕಲಿಲ್ಲ.

ವಾರ ಕಳೆದ ಮೇಲೆ ಎಲ್ಲರೂ ಕೂತೆವು. ಹಾಳೆಯಲ್ಲಿ ಪ್ರಶ್ನೆ ತುಂಬಾ ಇದ್ದವು, ಆದರೆ ಬೇರೆ ಬೇರೆ ಪ್ರಶ್ನೆ ಅಂತ ನೋಡಿದರೆ ಏಳೆಂಟೇ. ನಾಳೆ ನಮ್ಮ ಕಡೆ ಉಂಟಾ? ಬಾವಿಯಲ್ಲಿ ನೀರು ಕಾಣುತ್ತದೆ, ಮತ್ತೆ ಯಾಕೆ ಬಿಡುವುದಿಲ್ಲ? ನೀರು ಯಾಕೆ ಉಪ್ಪುಪ್ಪು? ಕುಡಿದರೆ ಮಕ್ಕಳಿಗೆ ಏನಾದರೂ ಆಗುತ್ತದಾ? ಟ್ಯಾಂಕರ್ ಯಾವಾಗ? ತೋಟಕ್ಕೆ ಹೋಗುತ್ತದಂತೆ, ಹೌದಾ?

ಒಂದೊಂದೇ ಪ್ರಶ್ನೆ ಓದಿ, ಇದಕ್ಕೆ ಉತ್ತರ ಈ ಕೋಣೆಯಲ್ಲಿ ಯಾರಿಗೆ ಗೊತ್ತು ಎಂದು ಕೇಳುತ್ತಾ ಹೋದೆವು. ಬಾವಿಯಲ್ಲಿ ನೀರಿದ್ದರೂ ಯಾಕೆ ಬಿಡುವುದಿಲ್ಲ ಅನ್ನುವ ಪ್ರಶ್ನೆಗೆ ಪಿಡಿಒ ಸುಮ್ಮನಿದ್ದರು. ವಾಟರ್‌ಮ್ಯಾನ್ ನೆಲ ನೋಡಿದ. ಸ್ವಲ್ಪ ಹೊತ್ತಿನ ಮೇಲೆ ಕಾರ್ಯದರ್ಶಿ ಎದ್ದು ಹೋಗಿ ಒಂದು ಫೈಲು ತಂದರು. ಅದರಲ್ಲಿ ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಇಂಜಿನಿಯರ್ ಹಿಂದಿನ ಪಿಡಿಒಗೆ ಬರೆದ ಪತ್ರ ಇತ್ತು. ಬಾವಿಯ ನೀರಿನಲ್ಲಿ ಕ್ಲೋರೈಡ್ (ಅಂದರೆ ಉಪ್ಪಿನ ಅಂಶ) ಏರುತ್ತಿದೆ, ಜಲಮೂಲ ಉಳಿಯಬೇಕಾದರೆ ಸೀಮಿತ ಅವಧಿಗೆ ಮಾತ್ರ ಪಂಪಿಂಗ್ ಮಾಡಲು ಕ್ರಮ ವಹಿಸುವುದು ಎಂದು ಅದರಲ್ಲಿ ಬರೆದಿತ್ತು.

ಆ ಪತ್ರದಲ್ಲಿ ಇದ್ದದ್ದು ಕರಾವಳಿಯ ಯಾರಿಗೂ ಅರ್ಥವಾಗುವ ವಿಷಯ. ಸಮುದ್ರದ ಹತ್ತಿರ ನೆಲದ ಒಳಗೆ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಮೇಲಿನ ಸಿಹಿನೀರು ಎಳೆದ ಹಾಗೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಭೂಜಲ ಶಾಸ್ತ್ರದ ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ ಒಂದು ಅಡಿ ಇಳಿದರೆ ಉಪ್ಪುನೀರಿನ ಗಡಿ ಸುಮಾರು 40 ಅಡಿ ಏರಬಹುದು. ಒಮ್ಮೆ ಉಪ್ಪು ಹತ್ತಿದ ಬಾವಿ ಸುಲಭಕ್ಕೆ ಸರಿಹೋಗುವುದಿಲ್ಲ. ಅಂದರೆ ಬಾವಿಯಲ್ಲಿ ನೀರು ಕಂಡರೂ ಬಿಡದೆ ಇರುವುದು ಬಾವಿಯನ್ನು ಉಳಿಸುವ ಕೆಲಸವಾಗಿತ್ತು. ಆ ಕೆಲಸ ಮಾಡುತ್ತಿದ್ದವನಿಗೇ ಅದು ಗೊತ್ತಿರಲಿಲ್ಲ.

ಹಿರಿಯ ವಾಟರ್‌ಮ್ಯಾನ್ ಪತ್ರದ ವಿಷಯ ಕೇಳಿ ಹೇಳಿದ್ದು ಇಷ್ಟು: "ಇದನ್ನ ಮಾರ್ಚಲ್ಲೇ ಹೇಳಿದ್ರೆ ನಾ ಎದೆ ಕೊಟ್ಟು ಹೇಳ್ತಿದ್ದೆ ಸರ್. ನಂಗೆ ಯಾರಾದ್ರೂ ಹೇಳಿದ್ರೆ ಅಲ್ವಾ ನಾ ಜನಕ್ಕೆ ಹೇಳೂದು?"

ಕಾರ್ಯದರ್ಶಿಯನ್ನು ದೂರುವುದು ಸುಲಭ. ಆದರೆ ಅವರ ಕಾರಣವನ್ನೂ ಕೇಳಬೇಕು. ಪತ್ರ ಬಂದದ್ದು ಹಿಂದಿನ ಪಿಡಿಒ ಹೆಸರಿಗೆ. ಅವರು ವರ್ಗವಾಗುವ ಗಡಿಬಿಡಿಯಲ್ಲಿ ಬಾಯಲ್ಲಿ "ಪಂಪ್ ಕಮ್ಮಿ ಮಾಡಿಸಿ" ಅಂದು ಹೋದರು. ಹೊಸಬರಿಗೆ ಕೊಟ್ಟ ಚಾರ್ಜ್ ಪಟ್ಟಿಯಲ್ಲಿ ಕ್ಯಾಶ್ ಬುಕ್, ಚೆಕ್ ಬುಕ್, ಕಂಪ್ಯೂಟರ್, ಕುರ್ಚಿ ಎಲ್ಲ ಇತ್ತು. ಬಾವಿಗೆ ಉಪ್ಪು ಬರುತ್ತಿದೆ ಅನ್ನುವುದು ಇರಲಿಲ್ಲ. ಅದಕ್ಕಿಂತ ದೊಡ್ಡದು ಭಯ. ಉಪ್ಪು ಅನ್ನುವ ಶಬ್ದ ಹೊರಗೆ ಹೋದರೆ ಜನ ಗಾಬರಿ ಬೀಳುತ್ತಾರೆ, ಟ್ಯಾಂಕರ್ ಕೇಳುತ್ತಾರೆ, ಟ್ಯಾಂಕರ್‌ಗೆ ದುಡ್ಡೆಲ್ಲಿ ಎಂದು ಅವರು ಹೆದರಿದ್ದರು. ಮೇಲಿನಿಂದ ಬಂದ ಕಾಗದವನ್ನು ಕೆಳಗಿನವರಿಗೆ ತೋರಿಸುವ ಪದ್ಧತಿಯೂ ಆ ಕಚೇರಿಯಲ್ಲಿ ಇರಲಿಲ್ಲ. ಇದು ಅವರೊಬ್ಬರ ಸ್ವಭಾವ ಅಂತ ನಾನು ಒಪ್ಪುವುದಿಲ್ಲ.

ಹೇಳುವುದೋ ಬೇಡವೋ

ಇಲ್ಲಿಂದ ಮುಂದೆ ತೀರ್ಮಾನ ಪಂಚಾಯತ್‌ನದು. ಅಧ್ಯಕ್ಷೆಗೆ ಮನಸ್ಸಿರಲಿಲ್ಲ. "ಈಗಲೇ ಬಾಗಿಲಲ್ಲಿ ಕೂತಿದ್ದಾರೆ. ಉಪ್ಪು ಅಂತ ಹೇಳಿದ್ರೆ ಒಳಗೇ ಬರ್ತಾರೆ" ಎಂದರು. ಅವರು ಆ ಕೇರಿಯಿಂದಲೇ ಗೆದ್ದವರು. ಮನೆಗೆ ಹೋದರೆ ಅತ್ತೆ, ಅಕ್ಕ, ನೆರೆಯವರು ಎಲ್ಲರೂ ಅವರನ್ನೇ ಕೇಳುವವರು. ಅವರ ಅಂಜಿಕೆಯನ್ನು ಹಗುರವಾಗಿ ನೋಡುವ ಹಾಗಿರಲಿಲ್ಲ.

ಪಿಡಿಒ ಇಲ್ಲಿ ಎರಡು ವಿಷಯ ಮುಂದಿಟ್ಟರು. ಒಂದು, 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡುವ ಕಾಯ್ದೆ ಎಂದಷ್ಟೇ ನಮ್ಮ ಕಚೇರಿಗಳಲ್ಲಿ ಅದನ್ನು ನೋಡುತ್ತಾರೆ. ಆದರೆ ಅದರ 4ನೇ ಸೆಕ್ಷನ್ ಓದಿ ನೋಡಿ. ಆಡಳಿತದ ತೀರ್ಮಾನಗಳಿಗೆ ಕಾರಣವನ್ನು ಅದರಿಂದ ಬಾಧೆಗೆ ಒಳಗಾಗುವವರಿಗೆ ತಿಳಿಸಬೇಕು ಎಂದು 4(1)(ಡಿ) ಹೇಳುತ್ತದೆ. ಮಾಹಿತಿಯನ್ನು ಸ್ಥಳೀಯ ಭಾಷೆ ನೋಡಿಕೊಂಡು, ಆ ಜಾಗದಲ್ಲಿ ಯಾವ ರೀತಿ ಹೇಳಿದರೆ ಮುಟ್ಟುತ್ತದೋ ಆ ರೀತಿಯಲ್ಲಿ ತಲುಪಿಸಬೇಕು ಎಂದು 4(4) ಹೇಳುತ್ತದೆ. ಯಾರೂ ಅರ್ಜಿ ಹಾಕಬೇಕಾಗಿಲ್ಲ. ಕೇರಿಗೆ ಕೊಂಕಣಿಯಲ್ಲಿ ಹೇಳುವುದು ಯಾರೋ ಮಾಡುವ ಉಪಕಾರ ಅಲ್ಲ ಎಂದು ಪಿಡಿಒ ವಾದಿಸಿದರು.

ಎರಡನೆಯದು ಇನ್ನೂ ಸರಳ. ನೀರು ಕುಡಿಯುವವರಿಗೆ ಉಪ್ಪು ಬಂದದ್ದು ಆಗಲೇ ನಾಲಿಗೆಗೆ ಗೊತ್ತಾಗಿದೆ. ಮುಚ್ಚಿಡಲು ಉಳಿದಿರುವುದು ಕಾರಣ ಮಾತ್ರ. ಅಧ್ಯಕ್ಷೆ ಒಪ್ಪಿದ್ದು ಈ ಮಾತಿಗೆ. ಆದರೆ ಒಂದು ಷರತ್ತು ಹಾಕಿದರು: ಬರೀ ಉಪ್ಪು ಅಂತ ಹೇಳಿ ಬಿಡಬಾರದು, ಎಷ್ಟು ಉಪ್ಪು, ಕುಡಿಯಬಹುದಾ ಅನ್ನುವುದನ್ನೂ ಜೊತೆಗೇ ಹೇಳಬೇಕು. ಆ ಷರತ್ತು ತುಂಬಾ ಒಳ್ಳೆಯದಿತ್ತು. ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯ ಮಾತು ಅವರದ್ದೇ ಎಂದು ನನ್ನ ಅಭಿಪ್ರಾಯ.

ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕು ಎಂದಿದೆ. ಇಲ್ಲೂ ಕಲಿಸಿದ್ದರು, ಕಿಟ್ ಕಚೇರಿಯ ಕಪಾಟಿನಲ್ಲಿ ಇತ್ತು. ಅದನ್ನು ಶಾಲೆಯ ಜಗಲಿಗೆ ತಂದು, ಜನರ ಎದುರಿಗೇ ಪರೀಕ್ಷೆ ಮಾಡಿಸಿದರು. ಮಾಡಿದವರಲ್ಲಿ ಒಬ್ಬರು ಕೇರಿಯವರು, ಒಬ್ಬರು ಕೊಪ್ಪದವರು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1000ದ ತನಕ ನಡೆಯುತ್ತದೆ. ಬಾವಿಯ ನೀರು ಮೊದಲ ಗೆರೆ ದಾಟಿತ್ತು, ಎರಡನೆಯದರಿಂದ ದೂರ ಇತ್ತು. ಅದನ್ನು ಹಾಗೇ ಹೇಳಿದರು. ಪ್ರಯೋಗಾಲಯಕ್ಕೂ ಮಾದರಿ ಕಳಿಸಿದ್ದೇವೆ, ವರದಿ ಬಂದ ಸಂಜೆಯೇ ಓದಿ ಹೇಳುತ್ತೇವೆ ಎಂದರು. ಹೇಳಿದ ಹಾಗೇ ಓದಿದರು ಕೂಡ.

ಸಂಜೆಯ ಮಾತು

ಕಚೇರಿಯ ಒಳಗೆ ಬಂದ ಬದಲಾವಣೆ ಒಂದೇ. ದಿನಾ ಸಂಜೆ ಮನೆಗೆ ಹೋಗುವ ಮೊದಲು ಎಲ್ಲರೂ ಹತ್ತು ನಿಮಿಷ ನಿಂತು ಮಾತಾಡುವುದು. ಬೆಳಿಗ್ಗೆ ಇಡುವ ಹಾಗಿರಲಿಲ್ಲ, ಯಾಕೆಂದರೆ ಕಚೇರಿ ತೆರೆಯುವ ಹೊತ್ತಿಗೆ ವಾಟರ್‌ಮ್ಯಾನ್‌ಗಳ ಅರ್ಧ ಕೆಲಸ ಮುಗಿದಿರುತ್ತದೆ. ಬಾವಿಯ ಮಟ್ಟ ಎಷ್ಟಿದೆ, ನಾಳೆ ಯಾವ ಕಡೆಗೆ, ಇವತ್ತು ಜನ ಏನು ಕೇಳಿದರು, ಯಾವುದಕ್ಕೆ ಉತ್ತರ ಇಲ್ಲ. ಅಷ್ಟೇ. ಆಪರೇಟರ್ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ಮೇಲಿನಿಂದ ನೀರಿನ ಬಗ್ಗೆ ಬಂದ ಯಾವ ಕಾಗದವಾದರೂ ಅವತ್ತಿನ ಸಂಜೆಯೇ ಅಲ್ಲಿ ಓದಬೇಕು ಎಂದು ಪಿಡಿಒ ಹೇಳಿದರು.

ತರಬೇತಿಯನ್ನೂ ಅದೇ ಹತ್ತು ನಿಮಿಷದಲ್ಲಿ ಇಟ್ಟೆವು. ನೋಟ್‌ಬುಕ್ಕಿನ ಒಂದು ನಿಜವಾದ ಪ್ರಶ್ನೆ ತೆಗೆದುಕೊಂಡು, ಜವಾನ ಜನರ ಪರವಾಗಿ ಕೇಳುತ್ತಾನೆ, ವಾಟರ್‌ಮ್ಯಾನ್ ಉತ್ತರ ಹೇಳುತ್ತಾನೆ. ಎಲ್ಲಿ ತಡವರಿಸುತ್ತಾನೋ ಅಲ್ಲಿ ಉಳಿದವರು ಸೇರಿಸುತ್ತಾರೆ. ಗೊತ್ತಿಲ್ಲದ ಪ್ರಶ್ನೆಗೆ "ನಂಗೆ ಗೊತ್ತಿಲ್ಲ ಅಕ್ಕ, ಸಂಜೆ ಕೇಳಿ ನಾಳೆ ಹೇಳ್ತೇನೆ" ಅನ್ನುವ ಅಭ್ಯಾಸಕ್ಕೆ ಜಾಸ್ತಿ ಹೊತ್ತು ಕೊಟ್ಟೆವು. ಹೇಳುವುದು ಸುಲಭ. ಆದರೆ ಅದು ನಿಲ್ಲಬೇಕಾದರೆ ಸಂಜೆ ಅವನಿಗೆ ಉತ್ತರ ಸಿಗಲೇಬೇಕು. ಎರಡು ಸಲ ಉತ್ತರ ಇಲ್ಲದೆ ಹೋದರೆ ಮೂರನೇ ಸಲ ಅವನು ಮತ್ತೆ "ಆಫೀಸಲ್ಲಿ ಕೇಳಿ" ಅನ್ನುತ್ತಾನೆ. ಹಾಗಾಗಿ ಆ ವಾಕ್ಯದ ಹೊಣೆ ಪಿಡಿಒ ಮತ್ತು ಕಾರ್ಯದರ್ಶಿಯ ಮೇಲೆ ಬಂತು.

ಗೋಡೆಯ ಹಾಳೆಯನ್ನು ವಾಟರ್‌ಮ್ಯಾನ್ ಮಾತಿನಿಂದಲೇ ಹೊಸದಾಗಿ ಬರೆದೆವು. ಅವನು ಹೇಳುತ್ತಾ ಹೋದ, ಆಪರೇಟರ್ ಬರೆದಳು: "ಬಾವಿಯ ನೀರಿಗೆ ಉಪ್ಪು ಬರಲು ಶುರುವಾಗಿದೆ. ಜಾಸ್ತಿ ಹೊತ್ತು ಪಂಪ್ ಹಾಕಿದರೆ ಉಪ್ಪು ಇನ್ನೂ ಏರುತ್ತದೆ. ಅದಕ್ಕೆ ಮಳೆ ಬರುವ ತನಕ ದಿನ ಬಿಟ್ಟು ದಿನ ನೀರು. ಕೇರಿ ಮತ್ತು ಪೇಟೆ: ಸೋಮ, ಬುಧ, ಶುಕ್ರ. ಕೊಪ್ಪ ಮತ್ತು ತೋಟದ ಕಡೆ: ಮಂಗಳ, ಗುರು, ಶನಿ. ಭಾನುವಾರ ಪಂಪ್ ಇಲ್ಲ. ಹೇಳಿದ ದಿನ ನೀರು ಬರದಿದ್ದರೆ ಅದೇ ಸಂಜೆ ಕಾರಣ ತಿಳಿಸುತ್ತೇವೆ." ಕಾರ್ಯದರ್ಶಿಗೆ ಇದು ಸರ್ಕಾರಿ ಕಾಗದದ ಹಾಗೆ ಕಾಣಲಿಲ್ಲ. ಮೊಹರು, ಸಹಿ ಹಾಕಿದ ಮೇಲೆ ಒಪ್ಪಿದರು. ಹಾಳೆ ಕಚೇರಿ ಗೋಡೆಯ ಜೊತೆ ರೇಷನ್ ಅಂಗಡಿ, ಮೀನು ಮಾರುವ ಕಟ್ಟೆ, ಅಂಗನವಾಡಿಗೂ ಹೋಯಿತು. ಬಿಲ್ ಕಲೆಕ್ಟರ್ ಕೊಂಕಣಿ ಮನೆಯವರು. ಅದೇ ವಿಷಯವನ್ನು ಅರ್ಧ ನಿಮಿಷದ ಧ್ವನಿ ಸಂದೇಶ ಮಾಡಿ ಕೇರಿಯ ಸ್ವಸಹಾಯ ಸಂಘದವರಿಗೆ ಕಳಿಸತೊಡಗಿದರು. ಓದಲು ಬಾರದವರೂ ಪಕ್ಕದ ಮನೆಯ ಮೊಬೈಲಿನಲ್ಲಿ ಕೇಳಿಕೊಂಡರು. ವಾಟ್ಸಾಪ್ ಗುಂಪನ್ನು ಮತ್ತೆ ಎಲ್ಲರೂ ಬರೆಯುವ ಹಾಗೆ ತೆರೆದರು.

ನಾವು ಯಾರೂ ಎಣಿಸದೇ ಇದ್ದದ್ದು ಎರಡನೇ ವಾರದಲ್ಲಿ ಸಿಕ್ಕಿತು. ಸಂಜೆಯ ಮಾತಿನಲ್ಲಿ ಕಿರಿಯ ವಾಟರ್‌ಮ್ಯಾನ್ ತಡೆದು ತಡೆದು ಒಂದು ವಿಷಯ ಹೇಳಿದ. ಕೊಪ್ಪಕ್ಕೆ ಬೆಳಿಗ್ಗೆ ಏಳಕ್ಕೆ ನೀರು ಬಿಟ್ಟು ಪ್ರಯೋಜನ ಇಲ್ಲ, ಅಷ್ಟೊತ್ತಿಗೆ ಹೆಂಗಸರು ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಹೋಗಿರುತ್ತಾರೆ ಎಂದ. ಮನೆಯಲ್ಲಿ ಇರುವುದು ಮುದುಕರು, ಮಕ್ಕಳು. ತುಂಬಿಸುವವರಿಲ್ಲದೆ ನಳ ಸುರಿದು ಹೋಗುತ್ತದೆ. ಇದು ಅವನಿಗೆ ಕೆಲಸಕ್ಕೆ ಸೇರಿದಾಗಿನಿಂದ ಗೊತ್ತಿತ್ತಂತೆ. ಯಾಕೆ ಹೇಳಲಿಲ್ಲ ಎಂದು ಪಿಡಿಒ ಕೇಳಿದರು. "ಯಾರೂ ಕೇಳ್ಲಿಲ್ಲ ಸರ್" ಎಂದ. ಕೊಪ್ಪದ ಸಮಯವನ್ನು ಸಂಜೆ ಐದಕ್ಕೆ ಬದಲಿಸಿದರು. ಸಂಜೆ ಕೆಲಸ ಬಿದ್ದ ದಿನ ಅವನಿಗೆ ಬೆಳಗಿನ ಪಾಳಿ ಬಿಟ್ಟುಕೊಟ್ಟರು. ಅದನ್ನು ಅವನೇ ಕೇಳಿ ಪಡೆದ, ಕೇಳಿದ್ದು ಸರಿಯಾಗಿಯೇ ಇತ್ತು. ಕೊಪ್ಪಕ್ಕೆ ಒಂದು ಹನಿಯೂ ಜಾಸ್ತಿ ನೀರು ಬಿಡಲಿಲ್ಲ. ಆದರೂ ಅಲ್ಲಿನ ದೂರು ಹೆಚ್ಚುಕಮ್ಮಿ ನಿಂತೇ ಹೋಯಿತು.

ಪಂಪ್ ಸುಟ್ಟ ದಿನ

ಮೇ ನಡುವಿನಲ್ಲಿ ಪಂಪಿನ ಮೋಟರ್ ಸುಟ್ಟಿತು. ರಿವೈಂಡಿಂಗ್ ಆಗಿ ಬರಲು ಮೂರು ದಿನ ಬೇಕಾಯಿತು. ಮದುವೆಯ ಸೀಸನ್, ಪರವೂರಿನಿಂದ ನೆಂಟರು, ಮೇಲಿಂದ ಸೆಖೆ. ಮೀನುಗಾರಿಕೆ ನಿಷೇಧ ಜೂನ್ 1ರಿಂದ, ಹಾಗಾಗಿ ಕೇರಿಯವರು ಬಿಡುವಿಲ್ಲದೆ ದುಡಿಯುವ ಕೊನೆಯ ದಿನಗಳು. ಒಂದು ತಿಂಗಳ ಹಿಂದೆ ಆಗಿದ್ದರೆ ಕಚೇರಿಗೆ ಬೀಗ ಬೀಳುತ್ತಿತ್ತು.

ಮೋಟರ್ ನಿಂತ ಒಂದು ತಾಸಿನಲ್ಲಿ ವಾಟರ್‌ಮ್ಯಾನ್ ಸುದ್ದಿ ಹೇಳಿದ. ಯಾವಾಗ ಸರಿಯಾಗುತ್ತದೆ ಎಂದು ಗೊತ್ತಿರಲಿಲ್ಲ. "ನಾಳೆ ಬರುತ್ತದೆ ಅಂತ ಹೇಳಿಬಿಡುವಾ, ಸದ್ಯಕ್ಕೆ ಸುಮ್ನಾಗ್ತಾರೆ" ಎಂದು ಒಬ್ಬ ಸದಸ್ಯರು ಹೇಳಿದರು. ಪಿಡಿಒ ಒಪ್ಪಲಿಲ್ಲ. "ಮೋಟರ್ ಸುಟ್ಟಿದೆ, ಕುಮಟಾಕ್ಕೆ ಕಳಿಸಿದ್ದೇವೆ, ಯಾವ ದಿನ ಅಂತ ಈಗ ಹೇಳಲು ಆಗುವುದಿಲ್ಲ, ನಾಳೆ ಸಂಜೆ ಆರಕ್ಕೆ ಮತ್ತೆ ತಿಳಿಸುತ್ತೇವೆ" ಎಂದು ಸಂದೇಶ ಹೋಯಿತು. ಮರುದಿನ ಆರಕ್ಕೆ ಹೊಸ ಸುದ್ದಿ ಏನೂ ಇರಲಿಲ್ಲ. ಹೊಸದಿಲ್ಲ ಅನ್ನುವುದನ್ನೇ ಆರಕ್ಕೆ ಸರಿಯಾಗಿ ಕಳಿಸಿದರು. ಟ್ಯಾಂಕರ್ ಮೊದಲು ಯಾವ ಕಡೆಗೆ, ಯಾಕೆ ಆ ಕಡೆಗೆ ಮೊದಲು ಅನ್ನುವುದನ್ನೂ ಬರೆದರು. ಜನ ಸಿಟ್ಟಾಗಲಿಲ್ಲ ಅಂತ ನಾನು ಹೇಳುವುದಿಲ್ಲ. ಫೋನು ಬಂದವು, ಬೈದರು. ಆದರೆ ಯಾರೂ ಬಾಗಿಲಲ್ಲಿ ಕೂರಲಿಲ್ಲ. ವಾಟರ್‌ಮ್ಯಾನ್ ದುಡ್ಡು ತಿಂದ ಅನ್ನುವ ಮಾತು ಕೇಳಿ ಬರಲಿಲ್ಲ. ಮೂರನೇ ದಿನ ಮೋಟರ್ ಇಳಿಸುವಾಗ ಕೇರಿಯ ಹುಡುಗರು ಬಂದು ಕೈ ಹಾಕಿದರು.

ಸರಿಹೋಗದೆ ಉಳಿದದ್ದು

ಎಲ್ಲವೂ ಸರಿಯಾಯಿತು ಎಂದು ಬರೆದರೆ ಓದಿದವರಿಗೆ ಮೋಸ ಮಾಡಿದ ಹಾಗೆ. ಪೈಪ್‌ಲೈನಿನ ಕೊನೆಯಲ್ಲಿರುವ ಕೆಲವು ಮನೆಗಳಿಗೆ ನೀರಿನ ಒತ್ತಡ ಮೊದಲೂ ಸಾಲುತ್ತಿರಲಿಲ್ಲ, ಆಮೇಲೂ ಸಾಲಲಿಲ್ಲ. ಅವರಿಗೆ ಎಷ್ಟು ಚೆಂದ ಹೇಳಿದರೂ ಕೊಡ ತುಂಬುವುದಿಲ್ಲ. ಅಲ್ಲಿಗೆ ಬೇಕಾದದ್ದು ಬೇರೆ ಲೈನು. ನೀರಿನ ಬಾಕಿ ಕೆಲವರು ಕಟ್ಟಿದರು, ಕೆಲವರು ಈಗಲೂ ಕಟ್ಟುವುದಿಲ್ಲ. ಬಿಲ್ ಕಲೆಕ್ಟರ್‌ಗೆ ಈಗ ಮನೆಯೊಳಗೆ ಕರೆದು ಕೂರಿಸುತ್ತಾರೆ, ಅದು ಹೌದು.

ವಾಟರ್‌ಮ್ಯಾನ್‌ಗಳ ಸಂಬಳ ಆ ಬೇಸಿಗೆಯಲ್ಲೂ ತಡವಾಗಿಯೇ ಬಂತು. ಸಂಜೆಯ ಮಾತಿನಲ್ಲಿ ಹಿರಿಯವನು ಅದನ್ನು ಎತ್ತಿದಾಗ ಕೋಣೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಜನರಿಗೆ ಹೇಳಿದ ನಿಯಮವನ್ನೇ ಪಿಡಿಒ ಅವನಿಗೂ ಪಾಲಿಸಿದರು. ಗೊತ್ತಿಲ್ಲ, ತಾಲೂಕು ಪಂಚಾಯತ್‌ನಲ್ಲಿ ಕೇಳಿ ಇಂಥ ದಿನ ಹೇಳುತ್ತೇನೆ ಎಂದರು, ಆ ದಿನ ಹೇಳಿದರು. ಸಂಬಳ ಅದರಿಂದ ಬೇಗ ಬರಲಿಲ್ಲ. ಸಂವಹನದ ಬಗ್ಗೆ ಮಾತಾಡುವ ನಾವು ಈ ವಿಷಯವನ್ನು ಪಕ್ಕಕ್ಕೆ ಸರಿಸಬಾರದು. ತಿಂಗಳುಗಟ್ಟಲೆ ಕೂಲಿ ಸಿಗದವನಿಂದ ತಾಳ್ಮೆಯ ಮಾತು ಕೇಳುವುದು ನ್ಯಾಯ ಅಲ್ಲ.

ಮಳೆ ಬಿದ್ದ ಮೇಲೆ ಸಂಜೆಯ ಮಾತು ಸಡಿಲವಾಯಿತು. ಜುಲೈನಲ್ಲಿ ಹೊಳೆ ಉಕ್ಕಿ ಗಜನಿಯ ಕಡೆ ನೀರು ನುಗ್ಗಿದಾಗ ಮತ್ತೆ ಶುರು ಮಾಡಿದರು. ಬೇಸಿಗೆಗೆ ಮಾಡಿಕೊಂಡ ಧ್ವನಿ ಸಂದೇಶದ ದಾರಿಯಲ್ಲೇ ಈ ಸಲ ಯಾವ ಮನೆಗಳವರು ಶಾಲೆಗೆ ಹೋಗಬೇಕು ಎಂದು ತಿಳಿಸಿದರು. ಹೊಸ ಗುಂಪು, ಹೊಸ ಫಲಕ ಏನೂ ಬೇಕಾಗಲಿಲ್ಲ.

ಮುಂದಿನ ವರ್ಷ ಪಿಡಿಒಗೆ ವರ್ಗವಾಯಿತು. ಹೋಗುವಾಗ ಚಾರ್ಜ್ ಪಟ್ಟಿಯ ಜೊತೆ ಒಂದು ಪುಟ ಬರೆದಿಟ್ಟರು. ಬಾವಿಗೆ ಯಾವ ತಿಂಗಳು ಉಪ್ಪು ಬರುತ್ತದೆ, ಇಂಜಿನಿಯರ್ ಏನು ಹೇಳಿದ್ದಾರೆ, ಕೊಪ್ಪಕ್ಕೆ ಯಾಕೆ ಸಂಜೆ ನೀರು, ಯಾವ ಮನೆಗಳಿಗೆ ಒತ್ತಡ ಸಾಲುವುದಿಲ್ಲ, ಇಷ್ಟೂ ಅದರಲ್ಲಿ ಇತ್ತು. ಆ ಪುಟವನ್ನು ಅವರು ಒಬ್ಬರೇ ಬರೆಯಲಿಲ್ಲ, ಸಂಜೆ ನಿಂತು ಎಲ್ಲರೂ ಸೇರಿ ಬರೆಸಿದರು. ಅದರ ಒಂದು ಪ್ರತಿ ಪಂಪ್‌ಹೌಸಿನಲ್ಲೂ ಇದೆ.

ಬೇರೆ ಪಂಚಾಯತ್‌ನ ಗೆಳೆಯರು ಇದನ್ನು ಮಾಡಲು ಹೊರಟರೆ ಏಪ್ರಿಲ್ ತನಕ ಕಾಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಜಗಳ ಶುರುವಾದ ಮೇಲೆ ಕೊಡುವ ಕಾರಣ ನೆಪದ ಹಾಗೆ ಕೇಳುತ್ತದೆ. ಫೆಬ್ರವರಿಯಲ್ಲೇ ವಾಟರ್‌ಮ್ಯಾನ್‌ಗಳನ್ನು ಕೂರಿಸಿ, ಕಳೆದ ಬೇಸಿಗೆಯಲ್ಲಿ ಜನ ಏನು ಕೇಳಿದರು ಎಂದು ಬರೆದುಕೊಳ್ಳಿ. ಒಂದೊಂದರ ಪಕ್ಕದಲ್ಲಿ ಉತ್ತರ ಯಾರ ಹತ್ತಿರ ಇದೆ ಎಂದು ಹೆಸರು ಹಾಕಿ. ಹೆಸರು ಹಾಕಲು ಆಗದ ಪ್ರಶ್ನೆಗಳನ್ನು ತೆಗೆದುಕೊಂಡು ತಾಲೂಕಿನ ಇಂಜಿನಿಯರ್ ಹತ್ತಿರ ಹೋಗಿ. ಹೋಗುವಾಗ ವಾಟರ್‌ಮ್ಯಾನ್‌ನನ್ನೂ ಜೊತೆಗೆ ಕರೆದುಕೊಂಡು ಹೋಗಿ.